ಮೂರು ಲಾಗಿನ್, ಒಂದೇ ಫಾರ್ಮ್: ಕಲಬುರಗಿಯ ದಾಲ್ ಮಿಲ್ ಒಂದರ ಪ್ರಕರಣ

ಹಿನ್ನೆಲೆ

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅದಕ್ಕೂ ಬಹಳ ಮೊದಲಿನಿಂದ ಇಲ್ಲಿನ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ), ದಾಲ್ ಮಿಲ್‌ಗಳಿಗೆ ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಬಿಡುವೇ ಇರುವುದಿಲ್ಲ. ಈ ಪ್ರಕರಣದ ಮಿಲ್ಲು ಖಾತೆ ಪುಸ್ತಕ ಬಿಟ್ಟು ವೆಬ್ ಅಪ್ಲಿಕೇಶನ್‌ಗೆ ಬಂದಿತ್ತು. ಎಷ್ಟು ಚೀಲ ಬಂತು, ಎಷ್ಟು ತೂಗಿತು, ಯಾರಿಗೆ ಎಷ್ಟು ಹಣ ಬಾಕಿ, ಎಲ್ಲ ಅದರಲ್ಲೇ. ಕಟ್ಟಿದವರು ಊರಿನದೇ ಒಂದು ಸಣ್ಣ ತಂಡ. ಬಳಸುವವರಿಗೆ ಕಾಣುವ ಭಾಗ ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿತ್ತು. ಲಾಗಿನ್ ಬಗ್ಗೆ ದೂರು ಜಾಸ್ತಿಯಾದಾಗ ಕೋಡ್ ಒಮ್ಮೆ ನೋಡಿಕೊಡಿ ಅಂತ ನನ್ನನ್ನು ಕರೆದರು.

ಒಳಗೆ ಬರುವವರು ಮೂರು ಥರ. ಒಂದು, ಕಚೇರಿಯ ಮುನೀಮರು ಮತ್ತು ಗುಮಾಸ್ತರು. ಇವರಿಗೆ ಹೆಸರು, ಪಾಸ್‌ವರ್ಡ್, ದೊಡ್ಡ ಸ್ಕ್ರೀನ್. ಎರಡು, ರೈತರು ಮತ್ತು ಅಡತಿಯವರು (ಕಮಿಷನ್ ಏಜೆಂಟರು). ಇವರಿಗೆ ಮೊಬೈಲ್ ನಂಬರ್, ಒಟಿಪಿ. ಮೂರು, ಲಾರಿ ತೂಗುವ ವೇಬ್ರಿಡ್ಜ್ ಕೋಣೆಯ ಹುಡುಗರು. ಅಲ್ಲಿ ಒಂದೇ ಕಂಪ್ಯೂಟರ್, ಪಾಳಿಗೆ ತಕ್ಕಂತೆ ಜನ ಬದಲಾಗುತ್ತಾರೆ, ಒಬ್ಬೊಬ್ಬರಿಗೂ ನಾಲ್ಕು ಅಂಕಿಯ ಪಿನ್.

ಮೂವರಿಗೂ ಬೇರೆ ಬೇರೆ ಲಾಗಿನ್ ಪೇಜ್ ಇತ್ತು. ಮೊದಲನೆಯದನ್ನು ಬರೆದು, ಅದನ್ನೇ ಕಾಪಿ ಮಾಡಿ, ಬೇಕಾದಲ್ಲಿ ತಿದ್ದಿ ಉಳಿದ ಎರಡನ್ನು ಮಾಡಿದ್ದರು. ಶುರುವಿನಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಕೆಲಸ ಬೇಗ ಮುಗಿಯುತ್ತದೆ. ತೊಂದರೆ ಶುರುವಾಗುವುದು ಮೊದಲ ಬಗ್ ಬಂದಾಗ.

ದೂರುಗಳು

ಮುನೀಮರ ದೂರು ಮೊದಲು. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು, ರೂಟರ್ ಮಾತ್ರ ಆಫ್ ಆಗುತ್ತಿತ್ತು. ಆಗ ಲಾಗಿನ್ ಮಾಡಲು ಹೋದರೆ "ಪಾಸ್‌ವರ್ಡ್ ತಪ್ಪಾಗಿದೆ" ಅಂತ ಬರುತ್ತಿತ್ತು.

"ತಂಗಿ, ನಿನ್ನಿ ಹಾಕಿದ್ದ ಪಾಸ್‌ವರ್ಡೇ ಹಾಕೀನವ್ವ. ತಪ್ಪಂತ ಹೇಳ್ಲತ್ತದ" ಅಂತ ಅವರು ತಂಡದ ಹುಡುಗಿಗೆ ಫೋನ್ ಮಾಡುತ್ತಿದ್ದರು.

"ಕಾಕಾ, ಮೊದಲ ನೆಟ್ ಅದನೋ ಇಲ್ಲೋ ನೋಡ್ರಿ."

"ನೆಟ್ ಇಲ್ದಿದ್ರ ನೆಟ್ ಇಲ್ಲ ಅನ್ಬೇಕಲ್ಲ ಅದು?"

ಮುನೀಮರ ಮಾತೇ ಸರಿ. ಕಾರಣ ಕೋಡಿನಲ್ಲಿತ್ತು. ಸರ್ವರಿಗೆ ಕೋರಿಕೆ ಕಳಿಸುವ ಬ್ರೌಸರಿನ ಫೆಚ್‌ಗೆ ಒಂದು ಗುಣವಿದೆ. ಸರ್ವರ್ 401 (ಗುರುತು ಹೊಂದಲಿಲ್ಲ) ಅಂದರೂ 500 (ಸರ್ವರಿನಲ್ಲೇ ತೊಂದರೆ) ಅಂದರೂ ಅದು ಸೋತೆ ಅನ್ನುವುದಿಲ್ಲ. ಉತ್ತರ ಬಂತು, ಅದರ ಪಾಲಿಗೆ ಕೆಲಸ ಮುಗಿಯಿತು. ಉತ್ತರವೇ ಬಾರದಿದ್ದಾಗ ಮಾತ್ರ ಕ್ಯಾಚ್‌ಗೆ, ಅಂದರೆ ತಪ್ಪು ಹಿಡಿಯುವ ಭಾಗಕ್ಕೆ, ಬೀಳುತ್ತದೆ. ಹಳೆಯ ಫಾರ್ಮ್‌ನಲ್ಲಿ ಎರಡಕ್ಕೂ ಒಂದೇ ಸಂದೇಶ ಇಟ್ಟಿದ್ದರು. ಹಾಗಾಗಿ ನೆಟ್ ಹೋದರೂ ಪಾಸ್‌ವರ್ಡ್ ತಪ್ಪು, ಸರ್ವರ್ ಬಿದ್ದರೂ ಪಾಸ್‌ವರ್ಡ್ ತಪ್ಪು. ಇದನ್ನು ನಂಬಿ ಮುನೀಮರು ಪಾಸ್‌ವರ್ಡ್ ಬದಲಿಸುತ್ತಾ ಹೋದರು. ಕೊನೆಗೆ ಯಾವುದು ಹೊಸದು ಅಂತ ಅವರಿಗೇ ತಿಳಿಯದಂತಾಯಿತು.

ರೈತರ ದೂರು ಬೇರೆ. ಹಳ್ಳಿಯಲ್ಲಿ ನೆಟ್ ನಿಧಾನ ಇದ್ದಾಗ "ಒಟಿಪಿ ಕಳಿಸಿ" ಬಟನ್ ಒತ್ತಿದರೆ ಏನೂ ಆದಂತೆ ಕಾಣುವುದಿಲ್ಲ. ಮತ್ತೆ ಒತ್ತುತ್ತಾರೆ. ಯಾರಾದರೂ ಒತ್ತುತ್ತಾರೆ, ಅಲ್ವಾ? ಎರಡು ಒಟಿಪಿ ಹೊರಡುತ್ತವೆ. ಎರಡನೆಯದು ಹುಟ್ಟಿದ ಕೂಡಲೇ ಮೊದಲನೆಯದು ರದ್ದು. ಆದರೆ ಫೋನಿಗೆ ಮೊದಲು ಬರುವುದು ಮೊದಲನೆಯದೇ. ರೈತ ಅದನ್ನು ಹಾಕುತ್ತಾನೆ, ತಪ್ಪು ಅಂತ ಬರುತ್ತದೆ. ಮತ್ತೆ ಒಟಿಪಿ ಕೇಳುತ್ತಾನೆ. ಈ ಸುತ್ತು ಮುಗಿಯುವುದೇ ಇಲ್ಲ.

ವೇಬ್ರಿಡ್ಜ್‌ನಲ್ಲಿ ಒಬ್ಬ ಹುಡುಗನ ಪಿನ್ 0417. ಅವನಿಗೆ ಒಂದು ದಿನವೂ ಲಾಗಿನ್ ಆಗಿರಲಿಲ್ಲ. ಜೊತೆಯವನ ಪಿನ್‌ನಲ್ಲೇ ತೂಕ ಹಾಕುತ್ತಿದ್ದ. ಪಿನ್ ಅಂದರೆ ಸಂಖ್ಯೆ ತಾನೇ ಅಂತ ಕೋಡ್ ಅದನ್ನು ನಂಬರ್ ಆಗಿ ಬದಲಿಸುತ್ತಿತ್ತು. ಮುಂದಿನ ಸೊನ್ನೆ ಹೋಗಿ 417 ಉಳಿಯುತ್ತಿತ್ತು. ಪಿನ್, ಒಟಿಪಿ, ಮೊಬೈಲ್ ನಂಬರ್ ಇವು ಯಾವುವನ್ನೂ ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಇವೆಲ್ಲ ಅಂಕಿಯಲ್ಲಿ ಬರೆದ ಅಕ್ಷರಗಳು. ಕೊನೆಯವರೆಗೂ ಹಾಗೇ ಇರಬೇಕು. ನನ್ನ ಮಟ್ಟಿಗೆ ಮೂರು ದೂರುಗಳಲ್ಲಿ ಇದೇ ದೊಡ್ಡದು. ತೂಕದ ಪಟ್ಟಿಯಲ್ಲಿ ಒಬ್ಬನ ಕೆಲಸಕ್ಕೆ ಇನ್ನೊಬ್ಬನ ಹೆಸರು ಬೀಳುತ್ತಿತ್ತು, ನಾಳೆ ತೂಕದ ತಕರಾರು ಬಂದರೆ ಯಾರನ್ನು ಕೇಳುವುದು?

ಇನ್ನೊಂದು ಸಂಗತಿ ಗಮನಿಸಿ. ಬಟನ್ ಎರಡು ಸಲ ಒತ್ತುವ ತೊಂದರೆಯನ್ನು ಕಚೇರಿಯ ಫಾರ್ಮ್‌ನಲ್ಲಿ ಆಗಲೇ ಸರಿಮಾಡಿದ್ದರು. ನೆಟ್ ಇಲ್ಲದಾಗ ಸರಿಯಾದ ಸಂದೇಶ ಬರುವಂತೆ ರೈತರ ಫಾರ್ಮ್‌ನಲ್ಲಿ ಮಾಡಿದ್ದರು. ಹೆಸರಿನ ಕೊನೆಗೆ ಮೊಬೈಲ್ ಕೀಬೋರ್ಡ್ ತಾನಾಗಿ ಸೇರಿಸುವ ಸ್ಪೇಸ್ ತೆಗೆಯುವ ಸಾಲು ಒಂದೇ ಫಾರ್ಮ್‌ನಲ್ಲಿತ್ತು. ಎಲ್ಲ ರೋಗಕ್ಕೂ ಮದ್ದು ಇತ್ತು, ಒಂದೊಂದು ಮದ್ದು ಒಂದೊಂದು ಫೈಲಿನಲ್ಲಿ.

ಮೊದಲ ಸಾಮಾನ್ಯ ಫಾರ್ಮ್

ತಂಡ ನಾನು ಹೋಗುವ ಮೊದಲೇ ಒಂದು ಪ್ರಯತ್ನ ಮಾಡಿತ್ತು. ಮೂರನ್ನೂ ಸೇರಿಸಿ ಒಂದೇ ಕಾಂಪೊನೆಂಟ್ (ಮತ್ತೆ ಮತ್ತೆ ಬಳಸಬಹುದಾದ ಪರದೆಯ ತುಂಡು) ಬರೆದಿತ್ತು. ರೈತರಾದರೆ ಒಂದು ಪ್ರಾಪ್ (ಕಾಂಪೊನೆಂಟ್‌ಗೆ ಹೊರಗಿನಿಂದ ಕೊಡುವ ಆಯ್ಕೆ), ಪಿನ್ ಬೇಕಾದರೆ ಒಂದು ಪ್ರಾಪ್, ಪಾಸ್‌ವರ್ಡ್ ಮರೆತವರ ಲಿಂಕ್ ತೋರಿಸಲು ಒಂದು, ಮಿಲ್ಲಿನ ಲೋಗೋ ತೋರಿಸಲು ಒಂದು, ಲಾಗಿನ್ ಆದಮೇಲೆ ಯಾವ ಪೇಜಿಗೆ ಹೋಗಬೇಕು ಅನ್ನಲು ಇನ್ನೊಂದು. ಇವುಗಳಲ್ಲಿ ಹೌದು–ಇಲ್ಲ ಅನ್ನುವ ಮೊದಲ ನಾಲ್ಕರಿಂದಲೇ 16 ರೂಪಗಳಾಗುತ್ತವೆ. ಅದರಲ್ಲಿ ನಿಜಕ್ಕೂ ಬೇಕಾದದ್ದು ಮೂರು. ಉಳಿದವು ಯಾರೂ ನೋಡದ, ಟೆಸ್ಟ್ ಮಾಡದ ರೂಪಗಳು. ಪಿನ್ ಮತ್ತು ಪಾಸ್‌ವರ್ಡ್ ಮರೆತವರ ಲಿಂಕ್ ಎರಡೂ ಒಟ್ಟಿಗೆ ಹೌದು ಅಂದರೆ ಏನಾಗಬೇಕು? ಉತ್ತರ ಯಾರ ಬಳಿಯೂ ಇರಲಿಲ್ಲ.

ವೇಬ್ರಿಡ್ಜ್‌ಗಾಗಿ ಒಂದು ಇಫ್ (ಷರತ್ತಿನ ಸಾಲು) ಸೇರಿಸಿದಾಗ ರೈತರ ಪೇಜಿನಲ್ಲಿ ಲೇಬಲ್ ಬದಲಾಗಿ "ಪಿನ್ ಹಾಕಿ" ಅಂತ ಬಂತು. ಅದೂ ಆವಕ ಜೋರಾಗಿದ್ದ ವಾರದಲ್ಲಿ. ತಂಡ ಹೆದರಿ ಹಳೆಯ ಮೂರು ಕಾಪಿಗಳಿಗೇ ಮರಳಿತು. ಅದು ಬುದ್ಧಿವಂತ ತೀರ್ಮಾನವೇ. ಸೀಸನ್ನಿನ ನಡುವೆ ಪ್ರಯೋಗ ಬೇಡ.

ಆದರೆ ಆ ಕಾಂಪೊನೆಂಟ್‌ನ ನಿಜವಾದ ತೊಡಕು ಪ್ರಾಪ್‌ಗಳ ಸಂಖ್ಯೆ ಆಗಿರಲಿಲ್ಲ. ಅದಕ್ಕೆ ಗೊತ್ತಿರಬಾರದ ವಿಷಯಗಳು ಗೊತ್ತಿದ್ದವು. ಬಂದವರು ಯಾರು, ಸರ್ವರಿನ ಯಾವ ವಿಳಾಸಕ್ಕೆ ಕಳಿಸಬೇಕು, ಲಾಗಿನ್ ಆದದ್ದಕ್ಕೆ ಗುರುತಾದ ಟೋಕನ್ ಎಲ್ಲಿಡಬೇಕು, ಆಮೇಲೆ ಎಲ್ಲಿಗೆ ಕರೆದೊಯ್ಯಬೇಕು, ಎಲ್ಲ ಅದರ ಹೊಟ್ಟೆಯಲ್ಲೇ ಇತ್ತು. ಟೋಕನ್ ಅನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಇಡುವ ಸಾಲು ಕೂಡ ಅಲ್ಲೇ. ಪೇಜಿನೊಳಗೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು. ಸರ್ವರ್ ತಾನೇ ಎಚ್‌ಟಿಟಿಪಿ-ಓನ್ಲಿ ಕುಕಿ ಕೊಟ್ಟರೆ ಜಾವಾಸ್ಕ್ರಿಪ್ಟ್‌ಗೆ ಅದು ಕಾಣುವುದೇ ಇಲ್ಲ, ಫಾರ್ಮ್‌ಗೂ ಟೋಕನ್ ಮುಟ್ಟುವ ಕೆಲಸ ಉಳಿಯುವುದಿಲ್ಲ.

ಎರಡನೆಯ ವಿನ್ಯಾಸ

ಮಾರ್ಚ್ ನಂತರ ಆವಕ ಇಳಿದ ಮೇಲೆ ಕೆಲಸ ಶುರುವಾಯಿತು. ಫಾರ್ಮ್ ಅನ್ನು ತುಂಡು ಮಾಡಿದರು.

ಹೊರಗೆ ಒಂದು ಚೌಕಟ್ಟು. ಅದರ ಕೆಲಸ ಇಷ್ಟೇ: ತುಂಬಿದ್ದನ್ನು ಪೇಜಿಗೆ ಒಪ್ಪಿಸು, ಉತ್ತರ ಬರುವವರೆಗೆ ಕಾಯಿ, ತಪ್ಪಾದರೆ ತೋರಿಸು. ಎಂಟರ್ ಒತ್ತಿದರೂ ಬಟನ್ ಒತ್ತಿದರೂ ಒಂದೇ ದಾರಿಯಲ್ಲಿ ಹೋಗಬೇಕು. ಅದಕ್ಕಾಗಿ ಬಟನ್ನಿನ ಆನ್‌ಕ್ಲಿಕ್ ಬಿಟ್ಟು ಫಾರ್ಮಿನ ಆನ್‌ಸಬ್ಮಿಟ್ ಹಿಡಿದರು. ಹಳೆಯ ವೇಬ್ರಿಡ್ಜ್ ಪೇಜಿನಲ್ಲಿ ಎಂಟರ್ ಕೆಲಸವನ್ನೇ ಮಾಡುತ್ತಿರಲಿಲ್ಲ. ನಂಬರ್ ಪ್ಯಾಡಿನಲ್ಲಿ ಪಿನ್ ಒತ್ತಿ, ಕೈ ಎತ್ತಿ ಮೌಸ್ ಹುಡುಕಬೇಕಿತ್ತು. ಹೊರಗೆ ಲಾರಿ ಸಾಲು ನಿಂತಾಗ ಇದು ಸಣ್ಣ ತೊಂದರೆ ಅಲ್ಲ.

ಒಳಗೆ ಇಡುವ ಫೀಲ್ಡ್‌ಗಳು ಬೇರೆ ಬೇರೆ ಕಾಂಪೊನೆಂಟ್‌ಗಳು: ಹೆಸರು, ಪಾಸ್‌ವರ್ಡ್, ಮೊಬೈಲ್, ಒಟಿಪಿ, ಪಿನ್. ಪೇಜ್ ತನಗೆ ಬೇಕಾದ್ದನ್ನು ಚೌಕಟ್ಟಿನೊಳಗೆ ಮಕ್ಕಳಾಗಿ ಇಡುತ್ತದೆ. "ರೈತರೇ?" ಅನ್ನುವ ಪ್ರಾಪ್ ಹೋಯಿತು. ರೈತರ ಪೇಜ್ ಮೊಬೈಲ್ ಫೀಲ್ಡ್ ಇಡುತ್ತದೆ, ವೇಬ್ರಿಡ್ಜ್ ಪೇಜ್ ಪಿನ್ ಫೀಲ್ಡ್ ಇಡುತ್ತದೆ. ಸರ್ವರಿನ ವಿಳಾಸ, ಮುಂದಿನ ಪೇಜ್, ಲೋಗೋ ಎಲ್ಲ ಪೇಜಿನ ತಲೆನೋವು.

ಸ್ಥಿತಿಯನ್ನೂ ಬದಲಿಸಿದರು. ಮೊದಲು ಲೋಡಿಂಗ್, ಎರರ್, ಸಕ್ಸೆಸ್ ಅಂತ ಮೂರು ಬೇರೆ ಬೇರೆ ಹೌದು–ಇಲ್ಲಗಳಿದ್ದವು. ಲೋಡಿಂಗೂ ಹೌದು, ಎರರೂ ಹೌದು ಆದಾಗ ತಿರುಗುವ ಚಕ್ರದ ಕೆಳಗೆ ಹಳೆಯ ಕೆಂಪು ಸಂದೇಶ ಹಾಗೇ ನಿಲ್ಲುತ್ತಿತ್ತು. ಈಗ ಒಂದೇ ಸ್ಥಿತಿ: ಸುಮ್ಮನಿದೆ, ಕಳಿಸುತ್ತಿದೆ, ತಪ್ಪಾಗಿದೆ, ತಡೆದಿದೆ. ಒಂದು ಹೊತ್ತಿಗೆ ಒಂದೇ. "ಕಳಿಸುತ್ತಿದೆ" ಇರುವಾಗ ಮತ್ತೆ ಒತ್ತಿದರೆ ಏನೂ ಆಗುವುದಿಲ್ಲ. ಸರ್ವರ್ ಕಡೆಯೂ ಕಾವಲು ಬೇಕು ಅಂತ ನಾನು ಹಟ ಹಿಡಿದೆ. ಪೇಜ್ ರಿಫ್ರೆಶ್ ಮಾಡಿ ಮತ್ತೆ ಕೇಳುವವರನ್ನು ಫಾರ್ಮ್ ತಡೆಯಲಾರದು. ಸ್ವಲ್ಪ ಹೊತ್ತಿನೊಳಗೆ ಅದೇ ನಂಬರಿನಿಂದ ಮತ್ತೆ ಕೋರಿಕೆ ಬಂದರೆ ಹಳೆಯ ಒಟಿಪಿಯೇ ನಡೆಯುವಂತೆ ಮಾಡಿದರು.

ತಪ್ಪಿನ ಸಂದೇಶಗಳ ಮೇಲೆ ಬಹಳ ಚರ್ಚೆ ನಡೆಯಿತು. ಉತ್ತರವೇ ಬರದಿದ್ದರೆ "ನೆಟ್ ಇಲ್ಲ, ಪಾಸ್‌ವರ್ಡ್ ಬದಲಿಸಬೇಡಿ". ಈ ಎರಡನೆಯ ಮಾತು ಮುನೀಮರಿಗಾಗಿಯೇ. 401 ಬಂದರೆ "ಹೆಸರು ಅಥವಾ ಪಾಸ್‌ವರ್ಡ್ ಹೊಂದುತ್ತಿಲ್ಲ". "ಈ ಹೆಸರಿನವರು ಇಲ್ಲ" ಅಂತ ಬಿಡಿಸಿ ಹೇಳಿದರೆ ಯಾರ ಹೆಸರಿನಲ್ಲಿ ಖಾತೆ ಇದೆ, ಯಾರದು ಇಲ್ಲ ಅಂತ ಹೊರಗಿನವರು ಪಟ್ಟಿ ಮಾಡಬಹುದು. 429 ಬಂದರೆ, ಅಂದರೆ ಪ್ರಯತ್ನ ಅತಿಯಾದರೆ, ಎಷ್ಟು ಹೊತ್ತು ಕಾಯಬೇಕು ಅಂತ ಸರ್ವರ್ ಹೇಳಿದ್ದನ್ನು ತೋರಿಸುವುದು. 500 ಬಂದರೆ "ನಮ್ಮ ಕಡೆ ತೊಂದರೆ". ಮೂರೂ ಪೇಜುಗಳಿಗೆ ಈ ಸಂದೇಶಗಳನ್ನು ಆರಿಸುವ ಜಾಗ ಒಂದೇ. ಸಂದೇಶ ಬರುವ ಜಾಗಕ್ಕೆ ರೋಲ್-ಅಲರ್ಟ್ ಕೊಟ್ಟರು, ಸ್ಕ್ರೀನ್ ರೀಡರ್ ಬಳಸುವವರಿಗೂ ಕೇಳಿಸಲಿ ಅಂತ.

ಮೊಬೈಲ್ ನಂಬರಿನ ಕತೆ

ಫೀಲ್ಡ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮೊಬೈಲ್ ಫೀಲ್ಡ್. ಹತ್ತು ಅಂಕಿ ಹಾಕುವುದರಲ್ಲಿ ಏನಿದೆ ಅನ್ನಿಸುತ್ತದೆ. ಜನ ಹಾಕುವ ರೀತಿ ನೋಡಿದರೆ ತಿಳಿಯುತ್ತದೆ. ಕೆಲವರು +91 ಸೇರಿಸುತ್ತಾರೆ, ಕೆಲವರು ಮುಂದೆ ಸೊನ್ನೆ ಹಾಕುತ್ತಾರೆ, ಕೆಲವರು ಐದೈದು ಅಂಕಿಗೆ ಸ್ಪೇಸ್ ಬಿಡುತ್ತಾರೆ. ಇನ್ನು ಕೆಲವರು ಮೆಸೇಜಿನಿಂದ ಕಾಪಿ ಮಾಡಿ ಅಂಟಿಸುತ್ತಾರೆ. ಅದರಲ್ಲಿ ಕನ್ನಡ ಅಂಕಿ ಇದ್ದರೆ?

ಜಾವಾಸ್ಕ್ರಿಪ್ಟ್‌ನ ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹುಡುಕುವ ಸೂತ್ರದಲ್ಲಿ) ಅಂಕಿ ಅಂದರೆ 0ಯಿಂದ 9 ಮಾತ್ರ. ೦ಯಿಂದ ೯ ಅದರ ಪಾಲಿಗೆ ಅಂಕಿಯೇ ಅಲ್ಲ. ನಂಬರ್ ಆಗಿ ಬದಲಿಸಲು ಹೋದರೂ ಎನ್ಎಎನ್ (ಇದು ಸಂಖ್ಯೆಯಲ್ಲ) ಅಂತ ಕೈ ಎತ್ತುತ್ತದೆ. ಕಲಬುರಗಿಯಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ ಓದುವವರೂ ಇದ್ದಾರೆ, ಅವುಗಳ ಅಂಕಿಗಳೂ ಬೇರೆಯೇ. ಇವೆಲ್ಲಕ್ಕೂ ಯುನಿಕೋಡ್‌ನಲ್ಲಿ ಹತ್ತು ಹತ್ತು ಸ್ಥಾನ ಒಂದರ ಪಕ್ಕ ಒಂದಿವೆ. ಆಯಾ ಸೊನ್ನೆಯ ಸ್ಥಾನ ಕಳೆದರೆ ಅಂಕಿ ಸಿಗುತ್ತದೆ. ಸಣ್ಣ ಫಂಕ್ಷನ್ ಒಂದು ಸಾಕು. ಅದು ಎಲ್ಲವನ್ನೂ 0–9ಕ್ಕೆ ತಂದು, ಸ್ಪೇಸ್, ಅಡ್ಡಗೆರೆ, +91, ಮುಂದಿನ ಸೊನ್ನೆ ತೆಗೆದು ಹತ್ತು ಅಂಕಿ ಕೊಡುತ್ತದೆ. ಅದೇ ಫಂಕ್ಷನ್ ಸರ್ವರಿನಲ್ಲೂ ಓಡುತ್ತದೆ. ಬ್ರೌಸರಿನಲ್ಲಿ ನಡೆಯುವ ತಪಾಸಣೆ ಜನರ ಅನುಕೂಲಕ್ಕೆ ಮಾತ್ರ, ರಕ್ಷಣೆಗೆ ಅದನ್ನು ನೆಚ್ಚಬಾರದು.

ಇನ್‌ಪುಟ್ ಟೈಪ್ ಆಗಿ ನಂಬರ್ ಬೇಡ ಅಂತ ನಿರ್ಧಾರವಾಯಿತು. ಅದರಲ್ಲಿ ಮೌಸ್ ಚಕ್ರ ತಿರುಗಿದರೆ ಅಂಕಿ ಬದಲಾಗುವ ಅಪಾಯವಿದೆ. ಮೊಬೈಲಿಗೆ ಟೆಲ್, ಒಟಿಪಿಗೆ ಟೆಕ್ಸ್ಟ್ ಜೊತೆ ಇನ್‌ಪುಟ್‌ಮೋಡ್ ನ್ಯೂಮೆರಿಕ್. ಫೋನಿನಲ್ಲಿ ಅಂಕಿಯ ಕೀಪ್ಯಾಡ್ ತಾನಾಗಿ ಬರುತ್ತದೆ. ಒಟಿಪಿ ಫೀಲ್ಡಿಗೆ ಆಟೊಕಂಪ್ಲೀಟ್ (ಏನನ್ನು ತಾನಾಗಿ ತುಂಬಬೇಕು ಅನ್ನುವ ಸೂಚನೆ) ಆಗಿ ಒನ್-ಟೈಮ್-ಕೋಡ್ ಕೊಟ್ಟರೆ ಐಫೋನಿನ ಕೀಬೋರ್ಡ್ ಮೆಸೇಜಿನಿಂದ ಒಟಿಪಿ ಎತ್ತಿ ತೋರಿಸುತ್ತದೆ. ಮಿಲ್ಲಿನ ಮಾಲೀಕರಿಗೆ ಬ್ಯಾಂಕ್ ಆ್ಯಪ್‌ಗಳಲ್ಲಿ ಇರುವ ಹಾಗೆ ಆರು ಪುಟ್ಟ ಚೌಕಗಳು ಬೇಕಿತ್ತು. ನೋಡಲು ಚಂದ, ನಿಜ. ಆದರೆ ಅಂಟಿಸಿದರೆ ಮೊದಲ ಚೌಕದಲ್ಲೇ ನಿಲ್ಲುತ್ತದೆ, ಅಳಿಸಿದರೆ ಹಿಂದಿನ ಚೌಕಕ್ಕೆ ಹೋಗುವುದಿಲ್ಲ, ಇವನ್ನೆಲ್ಲ ಕೈಯಾರೆ ಬರೆಯಬೇಕು. ಒಂದೇ ಉದ್ದನೆಯ ಫೀಲ್ಡ್ ಉಳಿಯಿತು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಮಾಲೀಕರನ್ನು ಒಪ್ಪಿಸಿದರು.

ಪಾಸ್‌ವರ್ಡ್ ಫೀಲ್ಡಿಗೆ ಕರೆಂಟ್-ಪಾಸ್‌ವರ್ಡ್, ಹೆಸರಿಗೆ ಯೂಸರ್‌ನೇಮ್ ಅಂತ ಆಟೊಕಂಪ್ಲೀಟ್ ಬಿತ್ತು. ಅಂಟಿಸುವುದನ್ನು ತಡೆಯುತ್ತಿದ್ದ ಹಳೆಯ ಸಾಲನ್ನು ತೆಗೆದರು. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರನ್ನು ಕಾಡಿಸಿ ಭದ್ರತೆ ಹೆಚ್ಚುವುದಿಲ್ಲ.

ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಮಾತ್ರ ಇದರ ಉಲ್ಟಾ ತೊಂದರೆ. ಅಲ್ಲಿ ಬ್ರೌಸರ್ ಪಿನ್ ನೆನಪಿಟ್ಟುಕೊಳ್ಳಲಾ ಅಂತ ಕೇಳುತ್ತಿತ್ತು, ಯಾರೋ ಹೌದು ಅನ್ನುತ್ತಿದ್ದರು. ಆಟೊಕಂಪ್ಲೀಟ್ ಆಫ್ ಅಂತ ಹಾಕಿದರೂ ಈಗಿನ ಬಹುತೇಕ ಬ್ರೌಸರ್‌ಗಳು ಲಾಗಿನ್ ಫೀಲ್ಡಿನಲ್ಲಿ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಕಾಂಪೊನೆಂಟ್ ಒಳಗೆ ಏನೇನೋ ಕಸರತ್ತು ಮಾಡುವ ಬದಲು ಆ ಒಂದು ಕಂಪ್ಯೂಟರಿನ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಪಾಸ್‌ವರ್ಡ್ ಉಳಿಸುವುದನ್ನೇ ಬಂದ್ ಮಾಡಿದರು.

ಕಣ್ಣಿಗೆ ಕಾಣುವ ಭಾಗ

ಡಿಸೈನ್ ಇಂಗ್ಲಿಷ್ ಅಕ್ಷರ ಇಟ್ಟು ಮಾಡಿದ್ದು. ಕನ್ನಡ ಹಾಕಿದಾಗ "ಮೊಬೈಲ್ ಸಂಖ್ಯೆ"ಯ ಯ ಒತ್ತು ಅರ್ಧ ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರ ಬಿಗಿಯಾಗಿತ್ತು, ಬಟನ್ನಿಗೂ ಪಿಕ್ಸೆಲ್ ಲೆಕ್ಕದ ಎತ್ತರ. ಎತ್ತರ ತೆಗೆದು ಪ್ಯಾಡಿಂಗ್ ಇಟ್ಟರೆ ಅಕ್ಷರಕ್ಕೆ ತಕ್ಕಂತೆ ಪೆಟ್ಟಿಗೆ ಬೆಳೆಯುತ್ತದೆ. ಉರ್ದು ಬೇಕು ಅಂದ ಅಡತಿಯವರಿಗಾಗಿ ಎಡ–ಬಲದ ಮಾರ್ಜಿನ್‌ಗಳನ್ನು ಸಾಲಿನ ಶುರು–ಕೊನೆಯ ಮಾರ್ಜಿನ್‌ಗಳಾಗಿ ಬದಲಿಸಿದರು. ಮೊಬೈಲ್ ಫೀಲ್ಡ್ ಮಾತ್ರ ಯಾವ ಭಾಷೆಯಲ್ಲೂ ಎಡದಿಂದ ಬಲಕ್ಕೇ.

ವೇಬ್ರಿಡ್ಜ್ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಬೂದು ಬಣ್ಣಕ್ಕೆ ತಿರುಗಿದ ಬಟನ್ ಅಲ್ಲಿ ಕಾಣುತ್ತಲೇ ಇರಲಿಲ್ಲ. ಹುಡುಗರು ಸ್ಕ್ರೀನ್ ಕೆಟ್ಟಿದೆ ಅಂದುಕೊಂಡಿದ್ದರು. ಈಗ ಬಣ್ಣ ಗಾಢವಾಗಿಯೇ ಇದ್ದು, ಬಟನ್ ಮೇಲಿನ ಮಾತು "ಕಳಿಸ್ತಾ ಇದೆ" ಅಂತ ಬದಲಾಗುತ್ತದೆ.

ಅವಧಿ ಮುಗಿದಾಗ

ಇಷ್ಟು ಮಾಡಿದ್ದರ ಲಾಭ ಎದ್ದು ಕಂಡದ್ದು ಯಾರೂ ಎಣಿಸದ ಜಾಗದಲ್ಲಿ. ಮುನೀಮರು ಖರೀದಿ ಪಟ್ಟಿ ಸಾಲು ಸಾಲಾಗಿ ತುಂಬುತ್ತಾ ಕೂರುತ್ತಾರೆ. ನಡುವೆ ಯಾರೋ ಬರುತ್ತಾರೆ, ಚಹಾ ಆಗುತ್ತದೆ, ಮಾತಾಗುತ್ತದೆ. ಅಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಸೇವ್ ಒತ್ತಿದರೆ ಲಾಗಿನ್ ಪೇಜಿಗೆ ಎಸೆಯುತ್ತಿತ್ತು, ತುಂಬಿದ್ದೆಲ್ಲ ಹೋಗುತ್ತಿತ್ತು. ಸೆಷನ್ ಉದ್ದ ಮಾಡಿ ಅಂತ ಅವರು ಕೇಳುತ್ತಲೇ ಇದ್ದರು.

ಈಗ ಫಾರ್ಮ್‌ಗೆ ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿಲ್ಲ. ಆದ್ದರಿಂದ ಅದನ್ನೇ ಎತ್ತಿ ಒಂದು ಸಣ್ಣ ಕಿಟಕಿಯೊಳಗೆ, ಖರೀದಿ ಪಟ್ಟಿಯ ಮೇಲೆಯೇ ತೆರೆಯಬಹುದಾಯಿತು. 401 ಬಂದರೆ ಕಿಟಕಿ ಬರುತ್ತದೆ, ಪಾಸ್‌ವರ್ಡ್ ಹಾಕಿದರೆ ಕಿಟಕಿ ಮುಚ್ಚುತ್ತದೆ, ನಿಂತಿದ್ದ ಸೇವ್ ಮತ್ತೆ ಹೋಗುತ್ತದೆ. ಪೇಜ್ ಕದಲುವುದೇ ಇಲ್ಲ. ಮೊದಲ ಕಾಂಪೊನೆಂಟ್‌ನಲ್ಲಿ ಇದು ಆಗುತ್ತಿರಲಿಲ್ಲ. ಅದು ಗೆದ್ದ ಕೂಡಲೇ ಮುಖಪುಟಕ್ಕೆ ಓಡುತ್ತಿತ್ತು.

ಒಂದು ಸಣ್ಣ ಎಡವಟ್ಟು ಇಲ್ಲೇ ಸಿಕ್ಕಿತು. ಅದೇ ಪೇಜಿನ ಪಾಸ್‌ವರ್ಡ್ ಬದಲಿಸುವ ಭಾಗದಲ್ಲಿ ಅದೇ ಫೀಲ್ಡ್ ಮೊದಲೇ ಇತ್ತು. ಎರಡಕ್ಕೂ ಒಂದೇ ಐಡಿ. ಕಿಟಕಿಯ ಲೇಬಲ್ ಒತ್ತಿದರೆ ಕರ್ಸರ್ ಹಿಂದಿನ ಫೀಲ್ಡಿಗೆ ಹೋಗುತ್ತಿತ್ತು. ರಿಯಾಕ್ಟ್ 18ರಲ್ಲಿ, ಅಂದರೆ 2022ರಲ್ಲಿ ಬಂದ ಯೂಸ್-ಐಡಿ ಹುಕ್ ಇದಕ್ಕೆಂದೇ ಇದೆ, ಪ್ರತಿ ಬಳಕೆಗೂ ಬೇರೆ ಐಡಿ ಕೊಡುತ್ತದೆ. ಮತ್ತೆ ಮತ್ತೆ ಬಳಸುವ ಕಾಂಪೊನೆಂಟ್‌ನಲ್ಲಿ ಐಡಿಯನ್ನು ಕೈಯಿಂದ ಬರೆದಿದ್ದರೆ ಒಂದು ದಿನ ಇದು ಕಚ್ಚಿಯೇ ಕಚ್ಚುತ್ತದೆ.

ಜಾರಿಗೆ ತಂದದ್ದು

ಮೊದಲು ಕಚೇರಿ, ಆಮೇಲೆ ವೇಬ್ರಿಡ್ಜ್, ಕೊನೆಗೆ ರೈತರು. ಕಚೇರಿಯವರು ತೊಂದರೆಯಾದರೆ ಕೂಗಿ ಹೇಳಬಲ್ಲರು, ಹಳ್ಳಿಯ ರೈತ ಸುಮ್ನೆ ಫೋನ್ ಪಕ್ಕಕ್ಕಿಡುತ್ತಾನೆ. ಟೆಸ್ಟ್‌ಗಳು ಚೌಕಟ್ಟಿಗೆ ಒಮ್ಮೆ, ಫೀಲ್ಡ್‌ಗಳಿಗೆ ಒಮ್ಮೆ. ಲೇಬಲ್ ಹೆಸರಿನಿಂದಲೇ ಫೀಲ್ಡ್ ಹುಡುಕುವಂತೆ ಬರೆದದ್ದರಿಂದ ಲೇಬಲ್ ಕಳಚಿದರೆ ಟೆಸ್ಟ್ ಬೀಳುತ್ತದೆ.

ಆಮೇಲೆ ಲಾರಿ ಮಾಲೀಕರಿಗೂ ಬಾಡಿಗೆ ಲೆಕ್ಕ ನೋಡಲು ಲಾಗಿನ್ ಬೇಕಾಯಿತು. ಮೊಬೈಲ್, ಒಟಿಪಿ ಫೀಲ್ಡ್‌ಗಳು ಇದ್ದವು, ಪೇಜ್ ಬೇಗ ಎದ್ದಿತು. ಹೊಸದಾಗಿ ಸೇರಿದ ಹುಡುಗ ಜೊತೆಗೆ ಗಾಡಿ ನಂಬರನ್ನೂ ಕೇಳಲು ಚೌಕಟ್ಟಿಗೇ ಒಂದು ಪ್ರಾಪ್ ಸೇರಿಸಿ ರಿವ್ಯೂಗೆ ಕಳಿಸಿದ. ಕೆಎ 32 ಅಂತ ಮೊದಲೇ ತುಂಬಿ ಇಟ್ಟಿದ್ದ, ಕಲಬುರಗಿ ಗಾಡಿಗಳೇ ಜಾಸ್ತಿ ಅಂತ.

"ಅಕ್ಕಾ, ಇದೊಂದೇ ಪ್ರಾಪ್ ಅದರಿ" ಅಂದ.

"ತಮ್ಮಾ, ಯಾದಗಿರಿ ಗಾಡಿ ಬಂದ್ರ? ಒಬ್ಬರದೇ ನಾಕು ಗಾಡಿ ಇದ್ರ ಯಾವ್ದು ಹಾಕ್ಬೇಕು?" ಅಂತ ತಂಡದ ಹುಡುಗಿ ಕೇಳಿದಳು.

ಗಾಡಿ ನಂಬರ್ ಈಗ ಲಾಗಿನ್ ಆದ ಮೇಲಿನ ಪೇಜಿನಲ್ಲಿದೆ. ಮಾಲೀಕರ ಎಲ್ಲ ಗಾಡಿಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಚೌಕಟ್ಟಿನ ಫೈಲಿಗೆ ಆ ಪ್ರಾಪ್ ಸೇರಲಿಲ್ಲ.